ಬೀಗರಿಗೆ ನಾನು ಯಜ್ದ್ ತೋರಿಸಿದ್ದು

ನನ್ನ ಊರನ್ನು ನನಗಿಂತ ಚೆನ್ನಾಗಿ ಬಲ್ಲವನು ಇಡೀ ಇರಾನಿನಲ್ಲಿ ಇಲ್ಲವೆಂದು ಮೊನ್ನೆ ಗುರುವಾರ ಬೆಳಗಿನ ಒಂಬತ್ತು ಗಂಟೆಯವರೆಗೆ ನಾನು ನಂಬಿದ್ದೆ. ಯಜ್ದ್‌ನ ಪಾರ್ಸಲ್ ಕಚೇರಿಯೊಂದರ ಕಿಟಕಿಯ ಹಿಂದೆ ಇಪ್ಪತ್ತಾರು ವರ್ಷ ಕುಳಿತು, ಈ ಊರಿನ ಒಂದೊಂದು ಗಲ್ಲಿಯ ಹೆಸರಿನ ಮೇಲೂ ಮುದ್ರೆ ಒತ್ತಿದವನು ನಾನು. ಆ ಗಲ್ಲಿಗಳಿಗೆ ಕಾಲಿಟ್ಟಿರಲಿಲ್ಲ ಎಂಬುದು ಬೇರೆ ವಿಷಯ. ಸೇನಾಪತಿಯಾದವನು ನಕ್ಷೆ ನೋಡುತ್ತಾನೆ, ಕಂದಕಕ್ಕೆ ಇಳಿಯುತ್ತಾನೆಯೇ?

ಅಂದು ನಮ್ಮ ಮಗಳು ಪರಸ್ತೂಳನ್ನು ಕೇಳಿಕೊಂಡು ಶಿರಾಜ್‌ನಿಂದ ಹುಡುಗನ ತಂದೆತಾಯಿ ಬಂದಿದ್ದರು. ಹುಡುಗ ಹುಡುಗಿ ಆಗಲೇ ಒಪ್ಪಿದ್ದರು. ಹುಡುಗನ ತಾಯಿ ತೂಬಾ ಖಾನಂ ಮಾತ್ರ "ಸಂಜೆ ಬಸ್ಸು ಹತ್ತೋ ಮುಂಚೆ ಹೇಳ್ತೀನಿ" ಎಂದು ತುಟಿ ಬಿಗಿ ಹಿಡಿದಿದ್ದರು. ಅವರಿಗೆ ಊರು ತೋರಿಸಲೆಂದು ಪರಸ್ತೂ ಒಬ್ಬ ಗೈಡ್ ಹುಡುಗಿಯನ್ನು ಗೊತ್ತು ಮಾಡಿದ್ದಳು. ನಾನು ಫೋನ್ ಮಾಡಿ ಅವಳನ್ನು ಬೇಡವೆಂದೆ.

"ಯಾಕ್ರೀ ಬೇಡ ಅಂದ್ರಿ?" ಎಂದಳು ನನ್ನ ಹೆಂಡತಿ ಅಶ್ರಫ್.

"ನಾನಿಲ್ವಾ?"

"ಅದಕ್ಕೇ ಕೇಳಿದ್ದು. ಹೋದ ವಾರ ಹಲ್ಲಿನ ಡಾಕ್ಟರ ಹತ್ತಿರ ಹೋಗ್ತೀನಿ ಅಂತ ಹೋಗಿ ಕಣ್ಣಿನ ಡಾಕ್ಟರ ಹತ್ತಿರ ಕೂತು ಬಂದ್ರಿ."

ಇಂಥ ಸಣ್ಣ ಮಾತಿಗೆ ದೊಡ್ಡ ಮನುಷ್ಯರು ಉತ್ತರ ಕೊಡುವುದಿಲ್ಲ. ಪರಸ್ತೂಳನ್ನು ಅಡುಗೆಗೆ ಬಿಟ್ಟು ನಾವು ನಾಲ್ವರು ಹೊರಟೆವು.

ಜುಮ್ಮಾ ಮಸೀದಿಯ ಬಾಗಿಲಿನ ಮೇಲೆ ಎರಡು ಎತ್ತರದ ಮಿನಾರುಗಳಿವೆ. "ಎರಡು ಯಾಕೆ?" ಎಂದು ಹುಡುಗನ ತಂದೆ ಅರ್ದಲಾನ್ ಆಗಾ ಕೇಳಿದರು. ನನಗೇನು ಗೊತ್ತು? ಆದರೆ ಮಾರ್ಗದರ್ಶಿಯ ಬಾಯಲ್ಲಿ "ಗೊತ್ತಿಲ್ಲ" ಬರಬಾರದು. "ಕಟ್ಟಿದ ಇಬ್ಬರು ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು, ಒಬ್ಬೊಬ್ಬರು ಒಂದೊಂದು ಕಟ್ಟಿಕೊಂಡರು" ಎಂದು ಬಿಟ್ಟೆ. ಆ ಪುಣ್ಯಾತ್ಮ ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡರು. ಬರೆದುಕೊಳ್ಳುವವರು ಸಿಕ್ಕರೆ ಸುಳ್ಳಿಗೆ ಬರವೇ? ಯಜ್ದ್ ಗಾಳಿಗೋಪುರಗಳ ಊರು. ಮನೆಮನೆಯ ತಾರಸಿಯ ಮೇಲೂ ಗಾಳಿ ಹಿಡಿದು ಒಳಗಿಳಿಸುವ ಗೋಪುರವಿದೆ. ಅವತ್ತು ಅವೆಲ್ಲಕ್ಕಿಂತ ಎತ್ತರದ್ದನ್ನು ಕಟ್ಟಿದವನು ನಾನು.

ಮುಂದಿನದು ನೀರಿನ ಮ್ಯೂಸಿಯಂ. ರಸ್ತೆಯಲ್ಲಿ ಹೋದರೆ ಹತ್ತು ನಿಮಿಷ. ನಾನು ಹತ್ತಿರದ ದಾರಿ ಹಿಡಿದೆ. ಫಹಾದಾನ್ ಎಂಬ ಹಳೇ ಕೇರಿಯ ಮಣ್ಣಿನ ಗೋಡೆಗಳ ನಡುವೆ ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಕಮಾನಿನ ಕೆಳಗೆ ನುಗ್ಗಿ, ಮುಕ್ಕಾಲು ಗಂಟೆಯಾದರೂ ನೀರೂ ಇಲ್ಲ, ಮ್ಯೂಸಿಯಂ ಕೂಡ ಇಲ್ಲ.

"ಈ ಊರಲ್ಲಿ ಬಾಗಿಲುಗಳೆಲ್ಲ ಒಂದೇ ಥರ ಇವೆಯಲ್ಲ" ಎಂದರು ಅರ್ದಲಾನ್ ಆಗಾ.

"ಒಬ್ಬನೇ ಬಡಗಿ ಮಾಡಿದ್ದು."

ಅವರು ಅದನ್ನೂ ಬರೆದುಕೊಂಡರು.

"ಬೆಕ್ಕನ್ನೂ ಅವನೇ ಮಾಡಿದ್ನಾ?" ಎಂದರು ತೂಬಾ ಖಾನಂ. "ಮೂರನೇ ಸಲ ನೋಡ್ತಿದೀನಿ. ಅದಕ್ಕೂ ನಮ್ಮ ಗುರುತು ಹತ್ತಿದೆ."

ಬಾಗಿಲ ಮೆಟ್ಟಿಲ ಮೇಲೆ ಮಲಗಿದ್ದ ಬೂದು ಬೆಕ್ಕು ನನ್ನನ್ನು ಕನಿಕರದಿಂದ ನೋಡಿತು. ಮಾನ ಉಳಿಸಿಕೊಳ್ಳಬೇಕಿತ್ತು. "ಬೇಕೆಂದೇ ಇಲ್ಲಿಗೆ ಕರೆತಂದೆ. ಈ ಬಾಗಿಲು ನೋಡಿ. ಬಲಗಡೆ ದಪ್ಪ ಸಲಾಕೆ, ಗಂಡಸರು ಬಡಿಯೋದಕ್ಕೆ. ಎಡಗಡೆ ಕಬ್ಬಿಣದ ಬಳೆ, ಹೆಂಗಸರಿಗೆ. ಸದ್ದು ಕೇಳಿಯೇ ಬಂದವರು ಯಾರು ಅಂತ ಒಳಗಿನವರಿಗೆ ತಿಳಿಯುತ್ತೆ" ಎಂದೆ. ಅಂದು ನಾನು ಹೇಳಿದ ಏಕೈಕ ನಿಜ ಅದು. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಸದ್ದು ಹೇಗಿರುತ್ತದೆಂದು ತೋರಿಸಲು ಹೆಂಗಸರ ಬಳೆಯನ್ನು ನಾಲ್ಕು ಸಲ ಬಡಿದೆ.

"ಬಂದೆ ಕಣೇ, ಎಷ್ಟು ಅವಸರ ನಿಂಗೆ" ಎನ್ನುತ್ತ ಒಬ್ಬ ಮುದುಕಿ ಬಾಗಿಲು ತೆರೆದರು. ತಲೆಯ ಮೇಲೆ ಚಾದರವಿಲ್ಲ, ಹಸಿ ಮೆಹಂದಿಯ ಗುಡ್ಡ. ಎದುರಿಗೆ ನಾನು, ಕೈಯಲ್ಲಿ ಇನ್ನೂ ಬಳೆ.

ಬಾಗಿಲು ಮುಚ್ಚಿದ ರಭಸಕ್ಕೆ ಗೋಡೆಯ ಮಣ್ಣು ಉದುರಿತು. ಅರೆ ನಿಮಿಷದಲ್ಲಿ ಮತ್ತೆ ತೆರೆಯಿತು. ಈ ಸಲ ಚಾದರವಿತ್ತು, ಪೊರಕೆಯೂ ಇತ್ತು.

"ಮೀಸೆ ಹೊತ್ತುಕೊಂಡು ಹೆಂಗಸರ ಬಳೆ ಬಡೀತೀಯಾ?"

"ತಾಯಿ, ಇತಿಹಾಸ ತೋರಿಸ್ತಿದ್ದೆ."

"ನನ್ನ ತಲೆ ನಿನಗೆ ಇತಿಹಾಸವಾ?" ಅವರು ಅಶ್ರಫ್ ಕಡೆ ತಿರುಗಿದರು. "ಯಾರಮ್ಮ ಇವನು?"

ಇಪ್ಪತ್ತೆಂಟು ವರ್ಷ ನನ್ನ ಜೊತೆ ಸಂಸಾರ ಮಾಡಿದವಳು ಒಂದು ಕ್ಷಣವೂ ತಡೆಯಲಿಲ್ಲ. "ಗೊತ್ತಿಲ್ಲಮ್ಮ. ಮಸೀದಿ ಹತ್ತಿರ ಸಿಕ್ಕಿದ."

ಮುದುಕಿ ನನ್ನ ಮುಖವನ್ನು ಹತ್ತಿರದಿಂದ ನೋಡಿದರು. "ನನಗೆ ಗೊತ್ತು. ಪಾರ್ಸಲ್ ಕಿಟಕಿಯವನಲ್ವಾ ನೀನು? ನನ್ನ ತಂಗಿ ಕೆರ್ಮಾನಿನಿಂದ ಕಳಿಸಿದ ಜೀರಿಗೆನ 'ಇಂಥಾ ಮನೆಯೇ ಊರಲ್ಲಿಲ್ಲ' ಅಂತ ಎರಡು ಸಲ ವಾಪಸ್ ಕಳಿಸಿದವನು. ಈಗ ಕಂಡಿತಾ ಮನೆ?"

ಕಂಡಿತು. ಬಹಳ ಹತ್ತಿರದಿಂದ ಕಂಡಿತು.

ಪೊರಕೆ ಏಳುವುದರೊಳಗೆ ತೂಬಾ ಖಾನಂ ಅಲ್ಲೇ ಮೆಟ್ಟಿಲ ಮೇಲೆ, ಬೆಕ್ಕಿನ ಪಕ್ಕ ಕುಸಿದರು. ಕಾಲುನೋವೆಂದು ಹೆದರಿದೆ. ಅಲ್ಲ, ನಗು. ಬೆಳಗಿನಿಂದ ಬಿಗಿದಿದ್ದ ತುಟಿ ಬಿಚ್ಚಿ, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಅದನ್ನು ನೋಡಿ ಮುದುಕಿಯೂ ನಕ್ಕು ಪೊರಕೆ ಇಳಿಸಿದರು. ಅವರ ಹೆಸರು ಬೀಬಿ ಮಲೆಕ್. ನಮ್ಮನ್ನು ಒಳಗೆ ಕರೆದು ದಾಳಿಂಬೆ ಗಿಡದ ನೆರಳಲ್ಲಿ ಕೂರಿಸಿ ತಣ್ಣನೆಯ ಶರಬತ್ತು, ಬಾದಾಮಿ ತುಂಬಿ ಕರಿದ ಕುತ್ತಾಬ್ ಸಿಹಿ ತಂದಿಟ್ಟರು. ಮಿನಾರು ಎರಡೇಕೆ ಎಂದು ಅರ್ದಲಾನ್ ಆಗಾ ಅವರನ್ನು ಇನ್ನೊಮ್ಮೆ ಕೇಳಿ, ಪುಸ್ತಕದಲ್ಲಿ ಎರಡು ಪುಟಗಳನ್ನು ಹೊಡೆದು ಹಾಕಿದರು.

ನಾನು ತಲೆ ತಗ್ಗಿಸಿದೆ. ಮಗಳ ಸಂಬಂಧ ನನ್ನ ಕೈಯಾರೆ ಮುರಿಯಿತು, ಮನೆಗೆ ಹೋಗಿ ಅವಳಿಗೆ ಏನು ಮುಖ ತೋರಿಸಲಿ ಎಂದುಕೊಂಡೆ. "ತೂಬಾ ಖಾನಂ, ತಪ್ಪು ನನ್ನದು. ಹುಡುಗಿ ನನ್ನ ಹಾಗಲ್ಲ. ಸಂಜೆವರೆಗೆ ಸ್ವಲ್ಪ ಯೋಚನೆ ಮಾಡಿ" ಎಂದೆ.

"ಯೋಚನೆ ಮುಗೀತು, ನುಸ್ರತ್ ಆಗಾ" ಎಂದರು ಅವರು, ಲೋಟ ಕೆಳಗಿಟ್ಟು. "ಹುಡುಗಿಗೆ ತಾಳ್ಮೆ ಇದೆಯೋ ಇಲ್ವೋ ಅನ್ನೋದೊಂದೇ ನನಗೆ ಅನುಮಾನ ಇದ್ದಿದ್ದು. ನಿಮ್ಮ ಮನೇಲಿ ಬೆಳೆದಿದ್ದಾಳಲ್ಲ, ಇನ್ನು ಕೇಳೋದೇನಿದೆ?"