ಪ್ಲಾಸ್ಟಿಕ್ ಕಪ್ಪೆಯೂ ನಮ್ಮ ಮುಖ್ಯಸ್ಥರೂ

ಪ್ರಾಣಿಶಾಸ್ತ್ರದ ಮೇಷ್ಟ್ರಿಗೆ ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ, ವಿಭಾಗದಲ್ಲೇ ದಿನಕ್ಕೊಂದು ನಡೆಯುತ್ತದೆ. ಪ್ರಾಣಿ ಕೊಲ್ಲಬಾರದೆಂಬ ನಿಯಮ ಬಂದು ಚಾಮರಾಜನಗರದ ನಮ್ಮ ಕಾಲೇಜಿನಲ್ಲಿ ಕಪ್ಪೆ ಕುಯ್ಯುವುದು ನಿಂತು, ಪ್ಲಾಸ್ಟಿಕ್ ಮಾದರಿಯೂ ಕಂಪ್ಯೂಟರ್ ಪಾಠವೂ ಬಂದವು. ಕಪ್ಪೆಗಳು ಬದುಕಿಕೊಂಡವು. ನಮ್ಮ ಮುಖ್ಯಸ್ಥರು ಮಾತ್ರ ಇನ್ನೂ ಚೇತರಿಸಿಕೊಂಡಿಲ್ಲ.

ಧೈರ್ಯ

ಕಪ್ಪೆ ಕುಯ್ಯದಿದ್ದರೆ ಮಕ್ಕಳಿಗೆ ಧೈರ್ಯ ಎಲ್ಲಿಂದ ಬರಬೇಕು ಅನ್ನುವುದು ಅವರ ನಿತ್ಯದ ಗೋಳು. ಅವರ ಧೈರ್ಯ ಎಷ್ಟೆಂದರೆ, ಪ್ರಿನ್ಸಿಪಾಲರ ಹತ್ತಿರ ಮಾತಾಡಬೇಕಾದಾಗಲೆಲ್ಲ ನನ್ನನ್ನು ಮುಂದೆ ತಳ್ಳುತ್ತಿದ್ದರು. ಒಂದು ದಿನ ಈ ಗೋಳು ಕೇಳಿ, ಗುಂಡ್ಲುಪೇಟೆ ಆಚೆ ಮದ್ದೂರು ಕಡೆಯ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. ಜೀವ ತೆಗೆಯುವ ಹಾಗಿಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೇ ಪ್ರಾಣಿಶಾಸ್ತ್ರ ತೆಗೆದುಕೊಂಡಿದ್ದವಳು.

"ನಮ್ಮೂರಲ್ಲಿ ಹೊಲುಕ್ಕೆ ಬಂದ ಆನೆ ಓಡುಸ್ತೀವಿ ಸಾ, ಅದುಕ್ಕೆ ಬೇಕು ಧೈರ್ಯ. ಔಸ್ದಿ ಕೊಟ್ಟು ಮತ್ತೇರಿ ಬಿದ್ದಿರೋ ಕಪ್ಪೆ ಕುಯ್ಯಕ್ಕೆ ಯಾತುಕ್ಕೆ ಸಾ?"

ಮುಖ್ಯಸ್ಥರು ಕೆಂಪಗಾದರು. ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಅದು ಹೇಗೆ ಪಾಸಾಗುತ್ತೀಯೋ ನೋಡುತ್ತೇನೆ ಅಂದರು. ಅವಳ ಡಿಗ್ರಿ ಆ ಒಂದು ಪರೀಕ್ಷೆಯ ಮೇಲೆ ನಿಂತಿತು.

ದರ್ಶನ

ಪ್ಲಾಸ್ಟಿಕ್ ಕಪ್ಪೆ ಬಂದ ದಿನವೇ ಅದನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಹುಡುಗರು ಮುಟ್ಟಿದರೆ ಸವೆಯುತ್ತದಂತೆ. ಗೋಪಾಲಸ್ವಾಮಿ ಬೆಟ್ಟದ ಗುಡಿಯಲ್ಲಿ ದರ್ಶನಕ್ಕೆ ನಿಂತ ಹಾಗೆ ಸಾಲಾಗಿ ನಿಂತು, ದೂರದಿಂದಲೇ ಯಕೃತ್ತು, ಹೃದಯ ನೋಡಿಕೊಂಡು ಹೋಗಬೇಕಿತ್ತು. ತೀರ್ಥ ಪ್ರಸಾದ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಕರೆಂಟು

ಕಂಪ್ಯೂಟರಿನಲ್ಲಿ ಕುಯ್ಯುವ ಪಾಠಕ್ಕೂ ಏಪ್ರನ್ ಕಡ್ಡಾಯ, ಮೌಸ್ ಮುಟ್ಟಿದ ಮೇಲೆ ಡೆಟಾಲಿನಲ್ಲಿ ಕೈ ತೊಳೆಯುವುದೂ ಕಡ್ಡಾಯ. ಒಂದು ದಿನ ಅರ್ಧ ಕುಯ್ದಿದ್ದಾಗ ಕರೆಂಟು ಹೋಯಿತು. ಬಂದ ಮೇಲೆ ನೋಡಿದರೆ ಪರದೆಯ ಕಪ್ಪೆ ಗಾಯವಿಲ್ಲದೆ ಇಡಿಯಾಗಿ ಕೂತಿತ್ತು. ಮುಖ್ಯಸ್ಥರು ನನ್ನ ಕಡೆ ತಿರುಗಿ, "ನೋಡಿದ್ರಾ, ನಿಜವಾದ ಕಪ್ಪೆ ಯಾವತ್ತಾದರೂ ಹೀಗೆ ಮೋಸ ಮಾಡಿತ್ತೇನ್ರಿ?" ಅಂದರು.

ಪರೀಕ್ಷೆ

ಕೊನೆಗೆ ಪರೀಕ್ಷೆಗೆಂದು ಪ್ಲಾಸ್ಟಿಕ್ ಕಪ್ಪೆ ಬೀರುವಿನಿಂದ ಹೊರಗೆ ಬಂತು. ಹಿಂದಿನ ಸಂಜೆ ಮುಖ್ಯಸ್ಥರು ಇಷ್ಟು ವರ್ಷದ ರೂಢಿಯಂತೆ ಅದನ್ನು ಫಾರ್ಮಾಲಿನ್ ಜಾಡಿಗೆ ಹಾಕಿ ಮುಚ್ಚಿದರು. ಸತ್ತ ಪ್ರಾಣಿ ಕೊಳೆಯದಿರಲಿ ಅಂತ ಹಾಕುವ ದ್ರಾವಣ ಅದು! ಬೆಳಿಗ್ಗೆ ತೆಗೆದರೆ ಬಣ್ಣವೆಲ್ಲ ಕಿತ್ತುಬಂದು, ಒಳಗೂ ಹೊರಗೂ ಒಂದೇ ಬೂದಿ ಬಣ್ಣ.

ಆನೆ ಓಡಿಸುವ ಊರಿನ ಆ ಹುಡುಗಿ ಎದೆಗುಂದಲಿಲ್ಲ. ಬಣ್ಣವಿಲ್ಲದಿದ್ದರೂ ಜಾಗ ನೋಡಿಕೊಂಡೇ ಒಂದೊಂದು ಅಂಗವನ್ನೂ ಸರಿಯಾಗಿ ತೋರಿಸಿದಳು. ಅಷ್ಟರಲ್ಲಿ ಮೈಸೂರಿನಿಂದ ಬಂದಿದ್ದ ಪರೀಕ್ಷಕರಿಗೆ ಫಾರ್ಮಾಲಿನ್ ವಾಸನೆ ಬಡಿಯಿತು. ಬೂದಿ ಬಣ್ಣದ ಕಪ್ಪೆ ನಿಜವಾದದ್ದೇ ಅಂದುಕೊಂಡು ಕರ್ಚೀಫು ಮೂಗಿಗೆ ಹಿಡಿದು, ನಿಯಮ ಮೀರಿ ಕಪ್ಪೆ ಕೊಂದಿದ್ದೀರಿ, ಈ ಪರೀಕ್ಷೆ ರದ್ದು ಮಾಡಬೇಕಾಗುತ್ತೆ ಅಂದರು. ಮುಖ್ಯಸ್ಥರು ರೂಢಿಯಂತೆ ನನ್ನನ್ನು ಮುಂದೆ ತಳ್ಳಿದರು.

ಹುಡುಗಿ ಕಪ್ಪೆಯ ಕಾಲು ಹಿಡಿದೆತ್ತಿ ಮೇಜಿಗೆ ಟಕ್ ಟಕ್ ಅಂತ ಬಡಿದಳು.

"ಪ್ಲಾಸ್ಟಿಕ್ಕು ಸಾ. ಜೀವ ಇಲ್ದೇ ಇರೋದು ಅಂತ ತಂದ್ರು. ಇದ್ನೂ ಸಾಯ್ಸಿಬುಟ್ಟವ್ರೆ."

ಪೂರ್ತಿ ಅಂಕ ಹಾಕಿ ಮುಗಿಸಿದರೂ ಪರೀಕ್ಷಕರ ನಗು ನಿಂತಿರಲಿಲ್ಲ.