ರೆಪ್ಪೆಯ ಮೇಲಿನ ವಿಭೂತಿ

ಎಡಗಣ್ಣಿನ ಮೇಲಿನ ರೆಪ್ಪೆಯಲ್ಲಿ, ಹೊರತುದಿಯಿಂದ ಎಣಿಸಿದರೆ ಏಳನೆಯ ಕೂದಲಿನ ಬುಡಕ್ಕೆ, ಚಿರೋಟಿ ರವೆಯ ಕಾಳಿಗಿಂತ ಚಿಕ್ಕದಾದ ಒಂದು ಬಿಳಿಯ ಹೊಟ್ಟು ಅಂಟಿಕೊಂಡಿತ್ತು. ಏಳನೆಯದೇ ಎಂದು ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದು ಯಾರಾದರೂ ಕೇಳಬಹುದು. ಎಣಿಸಿದ್ದೇನೆ. ಮುಖವನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ದುಂಡು ಕನ್ನಡಿಯೊಂದು ನನ್ನ ಬಳಿ ಇದೆ. ಅಂಥ ಕನ್ನಡಿಯನ್ನು ಯಾರೂ ಕೊಳ್ಳಬಾರದು. ತನ್ನ ಬಗ್ಗೆ ಅಷ್ಟೊಂದು ವಿವರ ತಿಳಿದಿರುವುದು ಮನುಷ್ಯರ ಆರೋಗ್ಯಕ್ಕೆ ಒಳ್ಳೆಯದಲ್ಲ.

ಎಣಿಸುವ ಚಾಳಿ ಉದ್ಯೋಗದಿಂದ ಬಂದದ್ದು. ಜೆ.ಪಿ. ನಗರದ ಸಣ್ಣ ಆಫೀಸೊಂದರಲ್ಲಿ, ಔಷಧಿ ಡಬ್ಬಿಗಳ ಮೇಲಿನ ಬರಹವನ್ನು ಅಚ್ಚಿಗೆ ಹೋಗುವ ಮುಂಚೆ ಪರೀಕ್ಷಿಸುವವಳು ನಾನು. ಇರುವೆಯ ತಲೆಯಷ್ಟು ಅಕ್ಷರಗಳು. ಅದರಲ್ಲಿ ಒಂದು ಚುಕ್ಕೆ ಹೆಚ್ಚುಕಡಿಮೆಯಾದರೆ ಮಿಲಿಗ್ರಾಂ ಹೆಚ್ಚುಕಡಿಮೆಯಾಗುತ್ತದೆ. ಹತ್ತು ಜನರ ಕಣ್ಣು ತಪ್ಪಿಸಿ ಬಂದದ್ದು ನನ್ನ ಕಣ್ಣು ತಪ್ಪಿಸಿ ಹೋಗಬಾರದು ಎಂಬುದಕ್ಕೇ ನನಗೆ ಸಂಬಳ. ಆ ಕಣ್ಣೇ ಕೈಕೊಟ್ಟಿತು. ಮಧ್ಯಾಹ್ನದ ಊಟದ ಹೊತ್ತಿಗೆ ರೆಪ್ಪೆಯೊಳಗೆ ಮರಳು ಹಾಕಿ ಉಜ್ಜಿದಂತೆ ಉರಿ, ಮೂರು ಗಂಟೆಗೆ ಅಕ್ಷರಗಳಿಗೆಲ್ಲ ಒಂದೊಂದು ನೆರಳು, ನಾಲ್ಕಕ್ಕೆ ಧಾರಾಕಾರ ನೀರು. ನಾಲ್ಕು ವರ್ಷದಲ್ಲಿ ಯಾರ ಮುಂದೂ ಒಂದು ವೈಯಕ್ತಿಕ ವಿಷಯ ಬಾಯಿಬಿಡದವಳು ದಿನವೂ ನಾಲ್ಕು ಗಂಟೆಗೆ ಸರಿಯಾಗಿ ಅಳುವುದನ್ನು ಇಡೀ ಆಫೀಸು ನೋಡಿತು. ಪಕ್ಕದ ಕುರ್ಚಿಯ ರಶ್ಮಿ ಒಂದು ವಾರ ತಡೆದುಕೊಂಡಳು. ಆಮೇಲೆ ಕುರ್ಚಿ ಎಳೆದುಕೊಂಡು ಬಂದು ಪಿಸುಗುಟ್ಟಿದಳು:

"ಯಾರೇ ಅವ್ನು? ಹೆಸ್ರು ಒಂದು ಹೇಳು, ಸಾಕು."

"ಯಾರೂ ಇಲ್ಲ. ಸ್ಕ್ರೀನ್ ನೋಡಿ ನೋಡಿ ಹಿಂಗಾಗಿದೆ."

"ಓಹೋ, ಆನ್‌ಲೈನ್‌ನಲ್ಲಿ ಸಿಕ್ಕಿದ್ದೋನಾ?"

ಮಾರನೆಯ ದಿನವೇ ಜಯನಗರದ ಕಣ್ಣಿನ ಡಾಕ್ಟರ ಬಳಿಗೆ ಹೋದೆ.

ಡಾಕ್ಟರು ಸಣ್ಣ ಕಾಗದದ ಪಟ್ಟಿಯೊಂದನ್ನು ಕೆಳರೆಪ್ಪೆಗೆ ಸಿಕ್ಕಿಸಿ, ಕಣ್ಣು ಮುಚ್ಚಿ ಐದು ನಿಮಿಷ ಕೂರಲು ಹೇಳಿದರು. ಕಣ್ಣೀರು ಆ ಕಾಗದವನ್ನು ಎಷ್ಟು ದೂರ ತೋಯಿಸುತ್ತದೆ ಎಂದು ಅಳೆಯುವುದು ಪರೀಕ್ಷೆ. ಒಂದನೇ ಕ್ಲಾಸಿನಿಂದ ಎಂ.ಎಸ್ಸಿ.ವರೆಗೆ ಯಾವುದರಲ್ಲೂ ಫೇಲಾಗದವಳು ಕಣ್ಣೀರಿನಲ್ಲಿ ಫೇಲಾದೆ. ಅಮ್ಮ ತೀರಿಕೊಂಡಾಗ, ಕಾರ್ಯದ ದಿನ, ತುಮಕೂರಿನ ಸೋದರತ್ತೆ ಬಂದವರಿಗೆಲ್ಲ "ಹುಡ್ಗಿ ಕಣ್ಣಲ್ಲಿ ಒಂದು ಹನಿ ನೀರಿಲ್ಲ ನೋಡಿ" ಎಂದು ತೋರಿಸುತ್ತಿದ್ದರು. ಅವರಿಗೀಗ ಲಿಖಿತ ಪುರಾವೆ ಸಿಕ್ಕಂತಾಯಿತು.

"ಮತ್ತೆ ಆಫೀಸಲ್ಲಿ ಸುರಿಯೋ ನೀರು?" ಎಂದು ಕೇಳಿದೆ.

"ಕಣ್ಣು ಒಣಗಿದೆ ಅಂತಾನೇ ಆ ನೀರು ಬರೋದು. ಅದು ಉಪಯೋಗಕ್ಕೆ ಬರಲ್ಲ," ಎಂದರು ಡಾಕ್ಟರು. ಆಮೇಲೆ ತುಸು ಬಾಗಿ, "ತಲೆಹೊಟ್ಟು ಇದ್ಯಾ?" ಎಂದರು. ಬಾಗಿಲು ತೆರೆದಿತ್ತು. ಹೊರಗೆ ಎಂಟು ಜನ ಕೂತಿದ್ದರು. ನಾನು ಹೌದೆಂದು ತಲೆಯಾಡಿಸಿದೆ. "ಅದೇ ಹೊಟ್ಟು ರೆಪ್ಪೆಗೂ ಬಂದಿದೆ. ರೆಪ್ಪೆ ಅಂಚಲ್ಲಿ ಎಣ್ಣೆ ಬಿಡೋ ಸಣ್ಣ ಸಣ್ಣ ಗ್ರಂಥಿಗಳಿರುತ್ವೆ. ಅವು ಕಟ್ಕೊಂಡಿವೆ. ಡಿಸೆಂಬರಲ್ಲಿ ತುಪ್ಪ ಗಟ್ಟಿಯಾಗುತ್ತಲ್ಲ, ಹಾಗೆ. ಎಣ್ಣೆ ಇಲ್ದೆ ಕಣ್ಣೀರು ನಿಲ್ಲಲ್ಲ, ಆರಿಹೋಗುತ್ತೆ." ಮದ್ದು ಸರಳ. ಅಕ್ಕಿಯನ್ನು ಕಾಲುಚೀಲಕ್ಕೆ ತುಂಬಿ, ಬೆಚ್ಚಗೆ ಮಾಡಿ, ಮುಚ್ಚಿದ ಕಣ್ಣಿನ ಮೇಲೆ ಹತ್ತು ನಿಮಿಷ. ಬೆಳಿಗ್ಗೆ ಹತ್ತಿಯಿಂದ ರೆಪ್ಪೆ ಒರೆಸುವುದು. ದಿನಕ್ಕೆ ನಾಲ್ಕು ಸಲ ಡ್ರಾಪ್ಸ್. ಕಾಡಿಗೆ ಬೇಡ, ಪೌಡರ್ ಬೇಡ, ಮುಖದ ಮೇಲೆ ಒಣ ಪುಡಿ ಯಾವುದೂ ಬೇಡ. "ಇದು ಪೂರ್ತಿ ಹೋಗೋ ಕಾಯಿಲೆ ಅಲ್ಲ. ಹಲ್ಲುಜ್ಜೋ ಹಾಗೆ ದಿನಾ ಮಾಡ್ತಿರ್ಬೇಕು," ಎಂದು ಹೇಳಿ, "ಕಾಲುಚೀಲ ಒಗೆದಿರೋದು ತಗೊಳ್ಳಿ" ಎಂದು ಸೇರಿಸಿದರು. ಅದನ್ನು ಹೇಳಬೇಕಾಗುವಷ್ಟು ಅನುಭವ ಅವರಿಗೆ ಆಗಿರಬೇಕು.

ಬನಶಂಕರಿಯ ಮನೆಯಲ್ಲಿ ಈಗ ಇರುವುದು ನಾನು ಮತ್ತು ಅಪ್ಪ. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಮಾತು ಕಡಿಮೆ. ನನಗೂ ಕಡಿಮೆ. ನಮ್ಮಿಬ್ಬರ ನಡುವಿನ ಮಾತನ್ನೆಲ್ಲ ಅಮ್ಮನೇ ಆಡುತ್ತಿದ್ದಳು. ಅವರು ಹೇಳಬೇಕಾದ್ದನ್ನು ನನಗೆ, ನಾನು ಹೇಳಬೇಕಾದ್ದನ್ನು ಅವರಿಗೆ. ಅವಳು ಹೋದ ಮೇಲೆ ಈ ಹದಿನಾಲ್ಕು ತಿಂಗಳಲ್ಲಿ ನಮ್ಮಲ್ಲಿ ಉಳಿದದ್ದು ಹಾಲು, ಗ್ಯಾಸ್, ಕಾವೇರಿ ನೀರು ಬಂತೋ ಇಲ್ಲವೋ, ಇಷ್ಟೇ. ಇನ್ನೊಂದೂ ನಿಂತುಹೋಗಿತ್ತು. ದಿನವೂ ಬೆಳಿಗ್ಗೆ ಅಮ್ಮ ಪೂಜೆ ಮುಗಿಸಿ, ಕಾಫಿ ತರುವಾಗ ಮೂರು ಬೆರಳಿಗೆ ವಿಭೂತಿ ಬಳಿದುಕೊಂಡು ಬಂದು, "ಕಣ್ಮುಚ್ಚು" ಎನ್ನುತ್ತ ನನ್ನ ಹಣೆಗೆ ಎಳೆಯುತ್ತಿದ್ದಳು. ಆಫೀಸಿಗೆ ಹೋಗುವವಳೆಂದು ನಾನು ಗೇಟಿನ ಬಳಿ ಅರ್ಧ ಒರೆಸಿಕೊಳ್ಳುತ್ತಿದ್ದೆ. ಅವಳು ಹೋದ ಮೇಲೆ ನಾನಾಗಿ ಹಚ್ಚಿಕೊಳ್ಳಲಿಲ್ಲ. ಅಪ್ಪ ಯಾಕೆಂದು ಕೇಳಲಿಲ್ಲ. ಕೇಳದೆ ಇದ್ದದ್ದು ನನಗೆ ಬೈದದ್ದಕ್ಕಿಂತ ಭಾರವಾಗಿತ್ತು.

ಡಾಕ್ಟರು ಹೇಳಿದ್ದರಲ್ಲಿ ಅಪ್ಪನಿಗೆ ನಾನು ತಿಳಿಸಿದ್ದು "ಕಣ್ಣು ಸ್ವಲ್ಪ ಡ್ರೈ ಆಗಿದೆಯಂತೆ, ಅಕ್ಕಿ ಶಾಖ ಕೊಡ್ಬೇಕಂತೆ" ಎಂದಷ್ಟೇ. ರೆಪ್ಪೆಗೆ ಹೊಟ್ಟು ಎಂದು ತಂದೆಯ ಮುಂದೆ ಹೇಗೆ ಹೇಳುವುದು? ಮಾರನೆಯ ಬೆಳಿಗ್ಗೆ, ಹತ್ತಿ ಹುಡುಕುವ ಮುಂಚೆಯೇ ಕಾಫಿಗೆ ಕೂತೆ. ಅಪ್ಪ ಪೇಪರಿನ ಮೇಲಿಂದ ನೋಡಿದರು. ಇನ್ನೊಮ್ಮೆ ನೋಡಿದರು. ಪೇಪರು ಮಡಿಸಿಟ್ಟರು.

"ವಿಭೂತಿ ರೆಪ್ಪೆ ಮೇಲೆ ಬಿದ್ದಿದೆ ನೋಡಮ್ಮ," ಎಂದರು. "ಒರೆಸ್ಕೊಂಡ್ರೂ ಅಲ್ಲಿ ಉಳ್ಕೊಂಡಿದೆ. ಕಣ್ಣಿಗೆ ಬೀಳ್ದಂಗೆ ಹಚ್ಕೋ."

ಆ ಧ್ವನಿಯಲ್ಲಿ ಎಂಥ ಸಮಾಧಾನವಿತ್ತೆಂದರೆ, ನಾನು "ಹ್ಞೂಂ" ಎಂದುಬಿಟ್ಟೆ.

ಅಂದಿನಿಂದ ಅಪ್ಪ ಮಾತಾಡತೊಡಗಿದರು. ಮೊದಲು ಉಪ್ಪಿಟ್ಟಿಗೆ ಈರುಳ್ಳಿ ಎಷ್ಟು ಎಂದು ಕೇಳಿದರು. ಮೂರನೆಯ ದಿನ ಎಲೆಕ್ಟ್ರಿಕ್ ಕಂಬದ ಮೇಲಿನ ಅಳಿಲಿನ ವಿಷಯ. ಆಮೇಲೆ ನನ್ನ ಕಣ್ಣಿನ ಶಾಖದ ಜವಾಬ್ದಾರಿಯನ್ನೂ ವಹಿಸಿಕೊಂಡರು. ಸ್ಕೂಲಿಗೆ ಹೋಗುವಾಗ ಹಾಕುತ್ತಿದ್ದ ಕಂದು ಕಾಲುಚೀಲವೊಂದನ್ನು ಎರಡು ಸಲ ಒಗೆದು, ಸೋನಾ ಮಸೂರಿ ತುಂಬಿ, ಸಂಜೆ ಏಳಕ್ಕೆ ಕಾವಲಿಯ ಮೇಲೆ ಬೆಚ್ಚಗೆ ಮಾಡಿ, ಮೊದಲು ತಮ್ಮ ಮಣಿಕಟ್ಟಿನ ಮೇಲೆ ಇಟ್ಟು ನೋಡಿ ನನಗೆ ಕೊಡುವರು. ಮನೆ ತುಂಬ ಅನ್ನದ್ದೂ ಅಲ್ಲದ, ಮೇಷ್ಟ್ರ ಕಾಲುಚೀಲದ್ದೂ ಅಲ್ಲದ ಒಂದು ವಾಸನೆ. ನಾನು ದಿವಾನದ ಮೇಲೆ ಕಣ್ಣು ಮುಚ್ಚಿ ಮಲಗಿದರೆ ಅಪ್ಪ ಪಕ್ಕದಲ್ಲಿ ಕೂತು ಗಡಿಯಾರ ನೋಡುತ್ತ, ಹತ್ತೂ ನಿಮಿಷ ಮಾತಾಡುವರು. ನಾನು ನೋಡುತ್ತಿಲ್ಲ ಎಂಬ ಧೈರ್ಯವಿರಬೇಕು. ಒಮ್ಮೆ ಸುಮ್ಮನೆ, "ನಿಮ್ಮಮ್ಮ ಕಾಫಿಗೆ ಸಕ್ಕರೆ ಎಷ್ಟು ಹಾಕ್ತಿದ್ಳು, ನೆನಪಿದ್ಯಾ? ನಾ ಮಾಡಿದ್ದು ಒಂದಿನಾನೂ ಹಂಗೆ ಬರ್ಲಿಲ್ಲ," ಎಂದರು. ಹದಿನಾಲ್ಕು ತಿಂಗಳಲ್ಲಿ ಅವರ ಬಾಯಲ್ಲಿ ಅಮ್ಮ ಬಂದದ್ದು ಅದೇ ಮೊದಲು. ಕಾಲುಚೀಲದ ಕೆಳಗೆ ನನ್ನ ಕಣ್ಣುಗಳು ಏನು ಮಾಡಿದವೋ ಗೊತ್ತಿಲ್ಲ. ಅಳೆಯಲು ಕಾಗದ ಇರಲಿಲ್ಲ.

ಅತ್ತೆಯ ಫೋನೂ ಬಂತು. "ಪುಟ್ಟಿ, ಮತ್ತೆ ವಿಭೂತಿ ಹಚ್ಕೊಳ್ತಿದ್ದೀಯಂತೆ! ನಿಮ್ಮಪ್ಪ ಎಷ್ಟು ಖುಷಿಯಾಗಿ ಹೇಳ್ದ ಗೊತ್ತಾ. ನೀನು ಕಲ್ಲು ಅಂದ್ಕೊಂಡಿದ್ದೆ ಕಣೇ, ತಪ್ಪಾಯ್ತು." ಅತ್ತೆ ತಪ್ಪಾಯಿತು ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅದೂ ತಲೆಹೊಟ್ಟಿನ ಪುಣ್ಯದಿಂದ.

ಕಷ್ಟ ಶುರುವಾದದ್ದು ಇಲ್ಲಿಂದ. ಮದ್ದು ಕೆಲಸ ಮಾಡತೊಡಗಿತು. ಮೂರನೆಯ ವಾರಕ್ಕೆ ಕನ್ನಡಿಯಲ್ಲಿ ಹೊಟ್ಟು ಒಂದೋ ಎರಡೋ. ಬೆಳಿಗ್ಗೆ ಕಾಫಿ ಕೊಡುವಾಗ ಅಪ್ಪನ ನೋಟ ನನ್ನ ರೆಪ್ಪೆಯ ಮೇಲೆ ಒಂದು ಗಳಿಗೆ ನಿಂತು, ಏನೂ ಸಿಗದೆ ಪೇಪರಿಗೆ ಇಳಿಯುವುದು ನನಗೆ ಗೊತ್ತಾಗುತ್ತಿತ್ತು. ಒಂದು ಸಂಜೆ ಅವರು ಐದೇ ನಿಮಿಷ ಮಾತಾಡಿದರು. ಇನ್ನೊಂದು ಸಂಜೆ ಸಮಯ ಮಾತ್ರ ಹೇಳಿದರು. ಆಗ ನಾನು ಒಂದು ಕೆಲಸ ಮಾಡಿದೆ. ಬೆಳಿಗ್ಗೆ ರೆಪ್ಪೆ ಒರೆಸುವುದನ್ನು ನಿಲ್ಲಿಸಿದೆ. ಹೊಟ್ಟನ್ನು ಸಾಕತೊಡಗಿದೆ. ಹತ್ತು ದಿನಕ್ಕೆ ಒಳ್ಳೆಯ ಬೆಳೆ ಬಂತು. ಅಪ್ಪ ಅಳಿಲಿನ ವಿಷಯಕ್ಕೆ ಮರಳಿದರು. ಆಫೀಸಿನಲ್ಲಿ ಮಾತ್ರ, ಮಕ್ಕಳ ಕೆಮ್ಮಿನ ಔಷಧಿಯ ಡಬ್ಬಿಯೊಂದರಲ್ಲಿ ಎರಡೂವರೆಯ ನಡುವಿನ ಚುಕ್ಕೆ ಬಿಟ್ಟುಹೋಗಿ ಇಪ್ಪತ್ತೈದಾಗಿದ್ದನ್ನು ನಾನು ನೋಡದೆ ಸಹಿ ಹಾಕಿದೆ. ರಶ್ಮಿ ಹಿಡಿದಳು. ಮ್ಯಾನೇಜರಿಗೆ ಹೇಳದೆ ಆ ಹಾಳೆಯನ್ನು ನನ್ನ ಮೇಜಿನ ಮೇಲೆ ಮಡಿಸಿಟ್ಟು ಹೋದಳು. ಅದು ನನಗೆ ಕಣ್ಣಿನ ಉರಿಗಿಂತಲೂ ಹೆಚ್ಚು ಚುಚ್ಚಿತು. ಅಪ್ಪನನ್ನು ಮಾತಾಡಿಸುವುದಕ್ಕೆ ಯಾರದೋ ಮಗುವಿನ ಔಷಧಿಯನ್ನು ಹತ್ತು ಪಟ್ಟು ಮಾಡುವುದರಲ್ಲಿದ್ದೆ.

ಆ ಸಂಜೆ ಡಾಕ್ಟರ ಬಳಿಗೂ ಹೋಗಬೇಕಿತ್ತು. "ದಿನಾ ಕ್ಲೀನ್ ಮಾಡ್ತಿದ್ದೀರಾ?" ಎಂದರು. "ಹೌದು" ಎಂದೆ. ಅವರು ಯಂತ್ರದೊಳಗಿಂದ ನನ್ನ ರೆಪ್ಪೆಯನ್ನು ನೋಡುತ್ತಲೇ ಕೇಳಿದ್ದರು. ಹತ್ತಿಯ ಒಂದು ಕಟ್ಟನ್ನು ನನ್ನ ಕೈಗೆ ಕೊಟ್ಟರು.

ಮನೆಗೆ ಬಂದು ಕಾಲುಚೀಲ ಕಣ್ಣಿನ ಮೇಲಿಟ್ಟುಕೊಂಡು ಮಲಗಿದೆ. ಅಪ್ಪ ಎಂದಿನಂತೆ ಪಕ್ಕದಲ್ಲಿ ಕೂತರು. ಕಣ್ಣು ತೆರೆದಿದ್ದರೆ ನನ್ನ ಬಾಯಿ ತೆರೆಯುತ್ತಿರಲಿಲ್ಲ.

"ಅಪ್ಪ, ಅದು ವಿಭೂತಿ ಅಲ್ಲ. ಹೊಟ್ಟು. ರೆಪ್ಪೆಗೆ ಬರೋದಂತೆ. ಅಮ್ಮ ಹೋದ್ಮೇಲೆ ನಾನು ಒಂದಿನಾನೂ ಹಚ್ಕೊಂಡಿಲ್ಲ."

ಕೆಳಗೆ ಬೀದಿಯಲ್ಲಿ ಯಾರೋ ಸ್ಕೂಟರಿಗೆ ಒದೆಯುತ್ತಿದ್ದರು. ಅದು ಸ್ಟಾರ್ಟ್ ಆಗಿ ಹೋಯಿತು.

"ಹಂಗಾದ್ರೆ," ಎಂದರು ಅಪ್ಪ ನಿಧಾನವಾಗಿ, "ವಿಭೂತಿ ಗಟ್ಟಿ ಎಲ್ಲಿಟ್ಟಿದ್ಳು ಅಂತ ನಿಂಗೂ ಗೊತ್ತಿಲ್ವಾ?"

ನಾನು ಕಾಲುಚೀಲ ತೆಗೆದು ಎದ್ದು ಕೂತೆ.

"ಇನ್ನೂ ಮೂರು ನಿಮಿಷ ಇದೆ," ಎಂದರು.

ಶಾಖ ಕೊಟ್ಟ ಮೇಲೆ ಸ್ವಲ್ಪ ಹೊತ್ತು ಎಲ್ಲ ಮಂಜುಮಂಜಾಗಿರುತ್ತದೆ. ಆ ಮಂಜಿನಲ್ಲೂ ನನಗೆ ಕಂಡದ್ದು ಅಪ್ಪನ ಹಣೆ. ಬೋಳು. ಅಮ್ಮ ಆ ಮೂರು ಬೆರಳನ್ನು ಮೊದಲು ಎಳೆಯುತ್ತಿದ್ದದ್ದು ಅವರಿಗೆ, ಆಮೇಲೆ ನನಗೆ. ನನ್ನ ಹಣೆಯಷ್ಟೇ ದಿನ ಅವರದೂ ಖಾಲಿಯಾಗಿತ್ತು. ಹದಿನೈದು ತಿಂಗಳು ದಿನವೂ ಎದುರಿಗೆ ಕೂತು ಕಾಫಿ ಕುಡಿದಿದ್ದೇನೆ. ಇರುವೆಯ ತಲೆಯಷ್ಟು ಅಕ್ಷರ ಓದುವವಳಿಗೆ ಅಷ್ಟಗಲದ ಹಣೆ ಕಂಡಿರಲಿಲ್ಲ.

"ದೇವರ ಗೂಡಲ್ಲಿ ಹುಡುಕ್ದೆ, ಸಿಗ್ಲಿಲ್ಲ," ಎಂದರು ಅಪ್ಪ. "ನೀ ಹಚ್ಕೊಳ್ತಿದ್ದೀಯಲ್ಲ, ಒಂದಿನ ನಂಗೂ ಹಚ್ತೀಯೇನೋ ಅಂತ ಕಾಯ್ತಿದ್ದೆ."

"ಕೇಳ್ಬೋದಿತ್ತಲ್ಲ ಅಪ್ಪ."

"ನೀನೂ ಹೇಳ್ಬೋದಿತ್ತಲ್ಲ."

ಅಪ್ಪ ಕಾಲುಚೀಲವನ್ನು ಮತ್ತೆ ಬಿಸಿ ಮಾಡಲು ಎದ್ದು ಹೋದರು. ಮೂರು ನಿಮಿಷ ಬಾಕಿ ಇತ್ತಲ್ಲ.

ಮಾರನೆಯ ಬೆಳಿಗ್ಗೆ ಮೊದಲು ಎರಡೂ ರೆಪ್ಪೆಗಳನ್ನು ಹತ್ತಿಯಿಂದ, ಒಂದು ಹೊಟ್ಟೂ ಉಳಿಯದಂತೆ ಒರೆಸಿದೆ. ಆಮೇಲೆ ಯೋಚಿಸಿದೆ. ಅಮ್ಮ ಕಾಫಿಯನ್ನೂ ವಿಭೂತಿಯನ್ನೂ ಒಟ್ಟಿಗೇ ತರುತ್ತಿದ್ದಳು, ಹಾಗಾದರೆ ಅದು ದೇವರ ಗೂಡಿನಲ್ಲಿ ಇದ್ದಿರಲಾರದು. ಅಡುಗೆಮನೆಯಲ್ಲಿ, ನಾನು ದಿನವೂ ಕೈ ಹಾಕುವ ಸಾಸಿವೆ ಡಬ್ಬಿಯ ಹಿಂದೆ, ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಗಟ್ಟಿ ಸಿಕ್ಕಿತು. ಒಂದು ಮಗ್ಗುಲು ಅವಳ ಬೆರಳಿಗೆ ಸವೆದು ಹಳ್ಳವಾಗಿತ್ತು. ಬೆರಳನ್ನು ನೀರಿಗೆ ಅದ್ದಿ ಆ ಹಳ್ಳದಲ್ಲೇ ತೇಯ್ದು, ಪೇಪರಿನ ಹಿಂದಿದ್ದ ಅಪ್ಪನಿಗೆ "ಕಣ್ಮುಚ್ಚಿ" ಎಂದೆ. ಮೂರು ಗೆರೆ ಎಳೆದೆ. ಒಂದೂ ನೆಟ್ಟಗೆ ಬರಲಿಲ್ಲ. ಮೂಗಿನ ಮೇಲೆ ಒಂದು ತೊಟ್ಟು ಇಳಿಯಿತು. ಅವರು ಕಣ್ಣು ಮುಚ್ಚಿಕೊಂಡೇ, "ನಿಂಗೆ ಬೇಡ ಅಂದಿದಾರೇನೋ ಡಾಕ್ಟ್ರು?" ಎಂದು ಕೇಳಿದರು. ಮುಖದ ಮೇಲೆ ಒಣ ಪುಡಿ ಯಾವುದೂ ಬೇಡ ಎಂದಿದ್ದರು, ನಿಜ. ಒದ್ದೆಯದರ ಬಗ್ಗೆ ಅವರು ಏನೂ ಹೇಳಿರಲಿಲ್ಲ. ಇಂಥ ಲೋಪಗಳನ್ನು ಹಿಡಿಯುವುದೇ ನನ್ನ ಕೆಲಸ. ಹತ್ತು ಪಟ್ಟಿನ ಕನ್ನಡಿಯನ್ನು ಮಗುಚಿಟ್ಟು, ಅಂದಾಜಿನ ಮೇಲೆ ಮೂರು ಗೆರೆ ಎಳೆದುಕೊಂಡು, ಗೇಟಿನ ಬಳಿ ಒರೆಸಿಕೊಳ್ಳದೆ ಬಸ್ಸಿಗೆ ಹೋದೆ.