ಕ್ರಿಯಾಪದ ಹಿಡಿಯಲು ಬಂದ ಮೇಷ್ಟ್ರು

ನಮ್ಮ ಕಡೆ ಕಾಲುವೆ ತೋಡಲು ಶುರು ಮಾಡಿದಾಗಿನಿಂದ ನೀರಿಗಿಂತ ಮೊದಲು ಪರೀಕ್ಷೆ ಮಾಡುವವರೇ ಹರಿದು ಬಂದರು. ಒಬ್ಬರು ಮಣ್ಣು ಮೂಸಿ ನೋಡಿದರು, ಒಬ್ಬರು ಸೊಳ್ಳೆ ಹಿಡಿದರು. ಶಹಾಪುರದ ಕಾಲುವೆ ಕ್ಯಾಂಪಿನಲ್ಲಿ ಜೀಪು ಓಡಿಸುತ್ತಿದ್ದ ನಾನು ಎಲ್ಲರನ್ನೂ ಊರೂರು ತಿರುಗಿಸಿದ್ದೇನೆ. ಆದರೆ ಕ್ರಿಯಾಪದ ಹಿಡಿಯಲು ಬಂದವರು ಒಬ್ಬರೇ. ಮೈಸೂರು ಕಡೆಯ ಕನ್ನಡ ಮೇಷ್ಟ್ರು, ನಮ್ಮ ಸಾಹೇಬರ ಷಡ್ಡಕ.

ಅವರ ಸಂಕಟ ಇಷ್ಟು. ನಮ್ಮಲ್ಲಿ ಗಂಡಸು ಬಂದರೆ ‘ಬಂದಾನ’, ಎಮ್ಮೆ ಬಂದರೆ ‘ಬಂದದ’, ಮನೆ ಸೊಸೆ ಬಂದರೂ ಎಷ್ಟೋ ಮಂದಿ ‘ಬಂದದ’ ಅಂತಾರೆ. ಇದನ್ನು ಯಾರೂ ಅಭ್ಯಾಸ ಮಾಡಿಲ್ಲವೆಂದು ಮೇಷ್ಟ್ರು ಪ್ರಬಂಧ ಬರೆದಿದ್ದರು. ಅವರ ಗುರುಗಳು, “ಇದೆಲ್ಲ ಗಂಡಸರು ಹೇಳಿದ್ದು. ಒಬ್ಬ ಹೆಣ್ಣುಮಗಳು ತಾನಾಗಿ ಹೇಳಿದ್ದು ಟೇಪಿನಲ್ಲಿ ಇಲ್ಲದಿದ್ದರೆ ಪ್ರಬಂಧ ವಾಪಸ್” ಅಂದಿದ್ದರು. ಪ್ರಬಂಧ ಹೋದರೆ ಬಡ್ತಿಯೂ ಹೋಗುತ್ತಿತ್ತು. ಮೇಷ್ಟ್ರ ರಜೆಯೂ ಮುಗಿಯುತ್ತ ಬಂದಿತ್ತು. ಮುಂದೆ ಆದದ್ದನ್ನು ಹೇಳುತ್ತೇನೆ. ಇದು ಪಂಚನಾಮೆಯಲ್ಲ, ಅಷ್ಟಿಷ್ಟು ಉಪ್ಪುಖಾರ ಇರುತ್ತದೆ.

ಮೂರು ಕಾಲದ ಸಾವು

ಶಹಾಪುರದ ಹತ್ತಿರದ ಹಳ್ಳಿಯೊಂದರಲ್ಲಿ ಕಟ್ಟೆ ಮೇಲೆ ಅಜ್ಜಿಯೊಬ್ಬಳು ಕುಳಿತಿದ್ದಳು. ಮೇಷ್ಟ್ರು ಟೇಪು ಇಟ್ಟು, “ಅಜ್ಜಿ, ‘ಸೊಸೆ ಬಿದ್ದಳು, ಸೊಸೆ ಸತ್ತಳು’ ಇದನ್ನ ನಿಮ್ಮ ಮಾತಿನಲ್ಲಿ ಹೇಳಿ” ಅಂದರು.

ಅಜ್ಜಿ ಬಾಯೊಳಗಿನ ಎಲೆ ಉಗುಳಿದಳು. “ಮುಸ್ಸಂಜಿ ಹೊತ್ತಿನ್ಯಾಗ ನನ್ನ ಬಾಯಿಂದ ಅದನ್ಯಾಕ ಆಡಸ್ತೀಯೋ ಯಪ್ಪಾ? ನನ್ನ ಸೊಸಿ ಚೊಲೋ ಇದ್ದಾಳ.”

“ಸುಮ್ಮನೆ ಉದಾಹರಣೆಗೆ, ಅಜ್ಜಿ.”

“ಉದಾಹರಣಿಗೆ ಬೇಕಂದ್ರ ನಿನ್ನ ಹೇಣ್ತಿನ್ನ ಸಾಯಸು. ನಾ ಹೂಂ ಅಂತೀನಿ.”

ಕೆಟ್ಟ ಮಾತನ್ನು ಉದಾಹರಣೆಗೂ ಆಡಬಾರದು ಅನ್ನುವುದು ನಮ್ಮ ಕಡೆಯ ಪದ್ಧತಿ. ಮೇಷ್ಟ್ರು ಬೇರೆ ದಾರಿಯಿಲ್ಲದೆ ಒಪ್ಪಿದರು. ಅವತ್ತಿನ ಟೇಪಿನಲ್ಲಿ ಅವರ ಹೆಂಡತಿ ಅವರದೇ ಬಾಯಿಂದ ಭೂತ, ವರ್ತಮಾನ, ಭವಿಷ್ಯತ್ ಮೂರೂ ಕಾಲದಲ್ಲಿ ಸತ್ತರು. ಅಜ್ಜಿ ಪ್ರತಿ ಸಲವೂ ಬರೀ ‘ಪಾಪ’ ಅಂದಳು.

ಆಡಿನ ಮರ್ಯಾದೆ

ಸುರಪುರಕ್ಕೆ ಹೋದಾಗ ನನ್ನ ನಾಲಿಗೆ ಸುಮ್ಮನಿರಲಿಲ್ಲ. “ಇವ್ರು ದೊಡ್ಡ ಸಾಹೇಬ್ರು. ಕಾಲುವಿ ತೂಬು ಯಾರ ಹೊಲಕ್ಕ ಇಡಬೇಕಂತ ನೋಡಾಕ ಬಂದಾರ” ಅಂತ ಓಣಿಯಲ್ಲಿ ಒಂದು ಮಾತು ತೇಲಿಬಿಟ್ಟೆ.

ಹೆಂಗಸರು ಒಲೆ ಬಿಟ್ಟು ಓಡಿ ಬಂದರು. ಆದರೆ ಸಾಹೇಬರ ಮುಂದೆ ಏಕವಚನ ಯಾರ ನಾಲಿಗೆಗೂ ಬರಲೊಲ್ಲದು. ಮೇಷ್ಟ್ರು ಒಬ್ಬ ಅತ್ತೆಗೆ, ಬಾಗಿಲಲ್ಲಿ ನಿಂತಿದ್ದ ಅವಳ ಸೊಸೆಯನ್ನು ತೋರಿಸಿ, “ಇವಳು ಏನು ಮಾಡಿದಳು?” ಅಂದರು.

“ಅವ್ರು ರೊಟ್ಟಿ ಬಡ್ದಾರ್ರಿ.”

ಮೇಷ್ಟ್ರು ಅಂಗಳದ ಆಡು ತೋರಿಸಿದರು. “ಮತ್ತೆ ಇದು?”

“ಅವ್ರು ಸೊಪ್ಪು ತಿಂದಾರ್ರಿ. ತೂಬು ನಮ್ಮ ಹೊಲಕ್ಕ ಇಡ್ರಿ.”

ಕಾಲುವೆ ಬರುತ್ತದೆ ಅಂದದ್ದಕ್ಕೆ ಸುರಪುರದಲ್ಲಿ ಆಡಿಗೂ ಬಹುವಚನ ಸಿಕ್ಕಿತು. ನೀರೊಂದು ಸಿಕ್ಕಿರಲಿಲ್ಲ.

ಗೂಟ ಖಾಲಿ ಅದ

ರಜೆಯ ಕೊನೆಯ ದಿನ. ಯಾದಗಿರಿ ಪಕ್ಕದ ಮುದನಾಳದಲ್ಲಿ ನನಗೆ ಗುರುತಿದ್ದ ಮುದುಕನ ಮನೆಗೆ ಹೋದೆವು. ಅಲ್ಲಿ ಸೊಸೆ ಮಾವನ ಜೊತೆ ನೇರ ಮಾತಾಡುವ ಹಾಗಿಲ್ಲ, ಪರಗಂಡಸರ ಜೊತೆಯಂತೂ ಇಲ್ಲವೇ ಇಲ್ಲ. ಏನಿದ್ದರೂ ಅಂಗಳದ ಎಮ್ಮೆಗೆ ಹೇಳಬೇಕು, ಮಾವ ಕೇಳಿಸಿಕೊಳ್ಳಬೇಕು. ಮಾವನೂ ಜವಾಬು ಎಮ್ಮೆಗೇ ಕೊಡಬೇಕು.

“ಎಮ್ಮಿ, ಚಾ ಆರಾಕತ್ತದ,” ಅಂದಳು ಸೊಸೆ ಒಲೆಯ ಮುಂದಿನಿಂದ.

“ಎಮ್ಮಿ, ಸಕ್ರಿ ಕಮ್ಮಿ ಅದ,” ಅಂದ ಮಾವ, ಕುಡಿದು ನೋಡಿ.

ಮೇಷ್ಟ್ರಿಗೆ ದಾರಿ ಹೊಳೆಯಿತು. ಟೇಪನ್ನು ಎಮ್ಮೆಯ ಮೂತಿಗೆ ಹಿಡಿದು, “ಎಮ್ಮೆಯವರೇ, ಈ ಮನೆಯಲ್ಲಿ ಯಾರು ಏನೇನು ಮಾಡುತ್ತಾರೆ?” ಅಂದರು.

“ಎಮ್ಮಿ, ಮಾವನೋರು ಹೊಲಕ್ಕ ಹೋಗ್ತೀನಂತ ಹೇಳಿ ಯಾದಗಿರಿಗೆ ಹೋಗಿ ಮಿರ್ಚಿ ಭಜಿ ತಿಂದು ಬರ್ತಾರ.”

ಮುದುಕ ಚಾದ ಬಟ್ಟಲು ಕೆಳಗಿಟ್ಟ. “ಎಮ್ಮಿಗೆ ನೀರು ಕುಡಸ್ಬೇಕು” ಅಂತ ಅದನ್ನು ಬಿಚ್ಚಿ ಹಳ್ಳದ ಕಡೆ ಹೊಡೆದುಕೊಂಡು ಹೋದ. ಎಮ್ಮೆಯ ಹಿಂದೆ ಮಾತೂ ಹೋಯಿತು. ಸೊಸೆ ಒಲೆ ಊದತೊಡಗಿದಳು. ಮೇಷ್ಟ್ರು ತಮ್ಮ ಬಡ್ತಿಯೇ ಬಾಲ ಅಲ್ಲಾಡಿಸುತ್ತ ಹೋಗುತ್ತಿದೆಯೇನೋ ಅನ್ನುವ ಹಾಗೆ ನೋಡುತ್ತಿದ್ದರು.

“ಗೂಟ ಖಾಲಿ ಅದ ನೋಡ್ರಿ ಸರ,” ಅಂದೆ.

ಅವರು ನನ್ನ ಮುಖ ನೋಡಿದರು, ಗೂಟ ನೋಡಿದರು. ಆಮೇಲೆ ಪ್ಯಾಂಟು ಮಡಚಿ, ಸೆಗಣಿ ತಪ್ಪಿಸಿ, ಗೂಟದ ಪಕ್ಕ ಕುಳಿತೇಬಿಟ್ಟರು. ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆ ಕಡೆ ತಿರುಗಿದಳು. ಭುಜ ಕುಣಿಯುವುದು ನಿಂತ ಮೇಲೆ ಈ ಕಡೆ ತಿರುಗಿ ಶುರು ಮಾಡಿದಳು.

“ಎಮ್ಮಿ, ಈ ಮನ್ಯಾಗ ನನ್ನ ಗಂಡ ಬಂದ್ರ ‘ಬಂದಾನ’ ಅಂತಾರ. ನೀ ಬಂದ್ರ ‘ಬಂದದ’. ನಾ ಬಂದ್ರೂ ‘ಬಂದದ’. ನಿನಗರೆ ಹೊತ್ತಿಗೆ ಸರಿಯಾಗಿ ಹಿಂಡಿ ಇಡ್ತಾರ.”

ಮೇಷ್ಟ್ರು ಟೇಪು ನೋಡಿದರು. ತಿರುಗುತ್ತಿತ್ತು. ಪ್ರಬಂಧ ದಡ ಸೇರಿತು. ನಗಬೇಕೋ ಅಳಬೇಕೋ ತಿಳಿಯದೆ ಅವರು ಸುಮ್ಮನೆ ತಲೆಯಾಡಿಸುತ್ತ ಕುಳಿತರು. ಆಕೆ ಮದುವೆಯಾದಾಗಿನಿಂದ ಆದದ್ದನ್ನೆಲ್ಲ ಹೇಳುತ್ತ ಹೋದಳು.

ಮುದುಕ ಎಮ್ಮೆ ಹೊಡೆದುಕೊಂಡು ವಾಪಸ್ ಬಂದ. ಗೂಟದ ಪಕ್ಕ ಕುಳಿತವರನ್ನು ನೋಡಿದ, ಮಾತು ನಿಲ್ಲಿಸದ ಸೊಸೆಯನ್ನು ನೋಡಿದ. ಸೊಸೆಗೆ ನೇರವಾಗಿ ಏನೂ ಅನ್ನುವ ಹಾಗಿಲ್ಲ. ಎಮ್ಮೆಯ ಹಗ್ಗ ಕೈಯಲ್ಲೇ ಹಿಡಿದುಕೊಂಡು ನನ್ನ ಕಿವಿಯ ಹತ್ತಿರ ಬಂದ.

“ನಿಮ್ಮದು ಭಾಳ ಸಾದು ಅದ. ನಮ್ಮದು ಒದೀತದ. ದಿನಕ್ಕ ಹಾಲೆಷ್ಟು ಕೊಡ್ತದ?”